ಶಾಲೆಯಿಂದ ಮಗುವನ್ನು ಕರೆತರಲು ಎಷ್ಟು ಕೊಡಬೇಕು? ಹೊತ್ತು, ಹಾದಿ, ಹೊಣೆಯ ಮಂಗಳೂರು ಲೆಕ್ಕ

ಮಧ್ಯಾಹ್ನ ಮೂರು ಗಂಟೆ ಕಳೆದ ಮೇಲೆ ಹಂಪನಕಟ್ಟೆ, ಬೆಂದೂರ್‌ವೆಲ್ ಅಥವಾ ಲೇಡಿಹಿಲ್ ಕಡೆಯ ಯಾವುದಾದರೂ ಶಾಲೆಯ ಗೇಟಿನೆದುರು ನಿಂತು ನೋಡಿ. ಸ್ಕೂಟರಿನ ಮೇಲೆ ಕೂತ ಅಪ್ಪ-ಅಮ್ಮಂದಿರು, ಸಾಲಾಗಿ ನಿಂತ ವ್ಯಾನು, ಆಟೋಗಳು ಕಾಣುತ್ತವೆ. ಅವುಗಳ ನಡುವೆ ಕೊಡೆ ಹಿಡಿದು, ಕೆಲವೊಮ್ಮೆ ಸೊಂಟದಲ್ಲಿ ಇನ್ನೊಂದು ಪುಟ್ಟ ಮಗುವನ್ನು ಕೂರಿಸಿಕೊಂಡು ಕಾಯುವ ಮಹಿಳೆಯರೂ ಇರುತ್ತಾರೆ. ಅವರು ಒಳಗಿರುವ ಮಗುವಿನ ಅಮ್ಮನಲ್ಲ, ಅಜ್ಜಿಯೂ ಅಲ್ಲ. ತಿಂಗಳಿಗೆ ಇಷ್ಟು ಅಂತ ಮಾತಾಡಿಕೊಂಡು ಬೇರೆಯವರ ಮಕ್ಕಳನ್ನು ತಮ್ಮ ಮನೆಯಲ್ಲಿ ನೋಡಿಕೊಳ್ಳುವವರು. ಮಕ್ಕಳ ಬಾಯಲ್ಲಿ ಅವರು 'ಆಂಟಿ'. ಯಾವ ಸರ್ಕಾರಿ ಕಾಗದದಲ್ಲೂ ಅವರಿಗೆ ಸರಿಯಾದ ಹೆಸರಿಲ್ಲ.

ಮಗುವನ್ನು ಮನೆಯಲ್ಲಿ ನೋಡಿಕೊಳ್ಳುವುದಕ್ಕೆ ಅವರಿಗೆ ಒಂದು ದರ ಇರುತ್ತದೆ. ಆದರೆ ಶಾಲೆಗೆ ಹೋಗಿ ಕರೆತರುವ ಕೆಲಸಕ್ಕೆ? “ಎಂತ ಮಾರಾಯ್ರೆ, ಹೋಗಿ ಕರ್ಕೊಂಡು ಬರ್ಲಿಕ್ಕೆ ಉಂಟಷ್ಟೆ, ಅದಕ್ಕೂ ಬೇರೆ ದುಡ್ಡಾ?” ಎಂಬ ಮಾತು ಸಾಮಾನ್ಯ. ತುಸು ಉದಾರಿಗಳಾದರೆ “ಬಸ್ಸಿಗೆ ಅಂತ ಐನೂರು ಇಟ್ಕೊಳ್ಳಿ” ಅನ್ನುತ್ತಾರೆ. ಆ ಐನೂರು ಸಾಕೇ, ಜಾಸ್ತಿಯೇ, ಹೇಗೆ ಲೆಕ್ಕ ಹಾಕಬೇಕು ಎಂಬುದು ಇಬ್ಬರಿಗೂ ಗೊತ್ತಿರುವುದಿಲ್ಲ. ಕೇಳಲು ಆಂಟಿಗೆ ಸಂಕೋಚ, ಕೇಳಿಸಿಕೊಳ್ಳಲು ಪೋಷಕರಿಗೆ ಕಿರಿಕಿರಿ.

ಈ ಲೇಖನ ಆ ಲೆಕ್ಕವನ್ನು ಬಿಡಿಸಿ ಇಡುತ್ತದೆ. ಮಕ್ಕಳನ್ನು ನೋಡಿಕೊಳ್ಳುವವರಿಗೂ ಪೋಷಕರಿಗೂ ಇದು ಉಪಯೋಗಕ್ಕೆ ಬರಬೇಕು. ಜೊತೆಗೆ, ಈ ಲೆಕ್ಕ ಮಂಗಳೂರಿನಲ್ಲಿ ಯಾಕೆ ಇಷ್ಟು ಭಾರ, ಅದನ್ನು ಈಗ ಯಾರು ಹೊರುತ್ತಿದ್ದಾರೆ ಎಂಬುದನ್ನೂ ನೋಡೋಣ.

ಮಂಗಳೂರಿನಲ್ಲಿ ಯಾಕೆ ಬೇರೆ ಲೆಕ್ಕ?

2023ರ ಜೂನ್ 11ರಂದು ಕರ್ನಾಟಕದಲ್ಲಿ 'ಶಕ್ತಿ' ಯೋಜನೆ ಶುರುವಾಯಿತು. ಸರ್ಕಾರಿ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಟಿಕೆಟ್ ದುಡ್ಡಿಲ್ಲ. ಬೆಂಗಳೂರಿನಲ್ಲಿ ಮಗುವನ್ನು ಕರೆತರಲು ಹೋಗುವ ಮಹಿಳೆ ಬಿಎಂಟಿಸಿ ಹತ್ತಿದರೆ ಅವಳ ಹೋಗಿಬರುವ ಖರ್ಚು ಸೊನ್ನೆ.

ಮಂಗಳೂರು ನಗರದಲ್ಲಿ ಹಾಗಲ್ಲ. ಇಲ್ಲಿ ನಗರ ಸಂಚಾರ ನಡೆಯುವುದೇ ಮುಖ್ಯವಾಗಿ ಖಾಸಗಿ ಬಸ್ಸುಗಳಿಂದ. ಸ್ಟೇಟ್‌ಬ್ಯಾಂಕ್‌ನಿಂದ ಹೊರಡುವ ಸಿಟಿ ಬಸ್ಸುಗಳಲ್ಲಿ ಸರ್ಕಾರಿ ಬಸ್ಸು ಕಡಿಮೆ, ಅವು ಹೋಗುವ ರೂಟುಗಳೂ ಕಡಿಮೆ. ಹಾಗಾಗಿ 'ಶಕ್ತಿ' ಬಂದರೂ ಕಾವೂರಿನಿಂದ, ಶಕ್ತಿನಗರದಿಂದ, ಕೊಟ್ಟಾರದಿಂದ ಶಾಲೆಗೆ ಹೋಗಿಬರುವ ಮಹಿಳೆ ಬಹುತೇಕ ಕಿಸೆಯಿಂದಲೇ ಟಿಕೆಟ್ ತೆಗೆಯಬೇಕು. ಸರ್ಕಾರ ರಾಜ್ಯದ ಬಹುಭಾಗದಲ್ಲಿ ಹೊತ್ತುಕೊಂಡ ಒಂದು ಖರ್ಚು ಇಲ್ಲಿ ಮಾತ್ರ ಮನೆಯೊಳಗೆ ಉಳಿದಿದೆ. ಅದನ್ನು ಪೋಷಕರು ಕೊಡದಿದ್ದರೆ ಆಂಟಿ ಕೊಡುತ್ತಾಳೆ.

ಎರಡನೆಯದು ರಸ್ತೆ. ಪಂಪ್‌ವೆಲ್ ಮೇಲ್ಸೇತುವೆ ಸಂಚಾರಕ್ಕೆ ತೆರೆದದ್ದು 2020ರ ಜನವರಿ 31ರಂದು, ವರ್ಷಗಟ್ಟಲೆ ಕಾದ ಮೇಲೆ. ನಂತೂರು, ಪಡೀಲ್, ಜ್ಯೋತಿ ಕಡೆ ಶಾಲೆ ಬಿಡುವ ಹೊತ್ತಿಗೆ ನಿಂತ ಬಸ್ಸು ಯಾವಾಗ ಹೊರಡುತ್ತದೆ ಎಂದು ಯಾರೂ ಹೇಳಲಾರರು. ಕಿಲೋಮೀಟರ್ ಲೆಕ್ಕದಲ್ಲಿ ಹತ್ತಿರವಿದ್ದರೂ ಗಡಿಯಾರದ ಲೆಕ್ಕದಲ್ಲಿ ದೂರ.

ಮೂರನೆಯದು ಮಳೆ. ಜೂನ್-ಜುಲೈನಲ್ಲಿ ರೆಡ್ ಅಲರ್ಟ್ ಬಂದರೆ ಜಿಲ್ಲಾಧಿಕಾರಿ ರಜೆ ಘೋಷಿಸುತ್ತಾರೆ, ಕೆಲವೊಮ್ಮೆ ಹಿಂದಿನ ರಾತ್ರಿ, ಕೆಲವೊಮ್ಮೆ ಬೆಳಿಗ್ಗೆ. ಶಾಲೆಗೆ ರಜೆ ಉಂಟು, ಆಸ್ಪತ್ರೆಯ ನರ್ಸ್‌ಗೆ, ಬಟ್ಟೆ ಅಂಗಡಿಯ ಸೇಲ್ಸ್ ಹುಡುಗಿಗೆ ರಜೆ ಇಲ್ಲ. ಮೂರು ಗಂಟೆಯ ಕೆಲಸ ಆ ದಿನ ಆಂಟಿಗೆ ಹತ್ತು ಗಂಟೆಯದಾಗುತ್ತದೆ.

ಆಟೋಗೆ ವೇಟಿಂಗ್ ಚಾರ್ಜ್ ಉಂಟು, ಆಂಟಿಗೆ ಇಲ್ಲ

ಆಟೋ ದರವನ್ನು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ ನಿಗದಿ ಮಾಡುತ್ತದೆ. ಜಿಲ್ಲಾಧಿಕಾರಿ ಅದರ ಅಧ್ಯಕ್ಷರು. ಆ ದರಪಟ್ಟಿಯಲ್ಲಿ ಕನಿಷ್ಠ ದರ, ಕಿಲೋಮೀಟರ್ ದರದ ಜೊತೆಗೆ ರಾತ್ರಿ ದರ, ಕಾಯುವ ದರವೂ ಇರುತ್ತದೆ. ಅಂದರೆ ದುಡಿಯುವವನ ಹೊತ್ತನ್ನು ಹಿಡಿದಿಟ್ಟುಕೊಂಡರೆ ಅದಕ್ಕೆ ಬೆಲೆ ಕೊಡಬೇಕು ಎಂಬ ತತ್ವ ನಮಗೆ ಹೊಸದಲ್ಲ. ಗೇಟಿನ ಹೊರಗೆ ನಿಂತ ಆಟೋಗೆ ಅದನ್ನು ಒಪ್ಪಿದ್ದೇವೆ. ಅದೇ ಆಟೋದಲ್ಲಿ ಕೂತ ಮಹಿಳೆಗೆ ಮಾತ್ರ ಒಪ್ಪಿಲ್ಲ.

ಮನೆಗೆಲಸಗಾರರ ಕುರಿತ ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ 189ನೇ ಒಡಂಬಡಿಕೆ ಇದನ್ನೇ ಹೇಳುತ್ತದೆ. 2011ರ ಜೂನ್‌ನಲ್ಲಿ ಅಂಗೀಕಾರವಾದ ಆ ಒಡಂಬಡಿಕೆಯ 10ನೇ ವಿಧಿಯ ಸಾರಾಂಶ ಹೀಗಿದೆ: ಕೆಲಸದವರು ತಮ್ಮ ಹೊತ್ತನ್ನು ತಮಗೆ ಬೇಕಾದಂತೆ ಬಳಸಲಾಗದೆ, ಮನೆಯವರ ಕರೆಗೆ ಸಿದ್ಧರಾಗಿ ಇರಬೇಕಾದ ಅವಧಿಯನ್ನೂ ಆಯಾ ದೇಶದ ಕಾನೂನು ಗೊತ್ತುಮಾಡುವ ಮಟ್ಟಿಗೆ ಕೆಲಸದ ಅವಧಿಯೆಂದೇ ಪರಿಗಣಿಸಬೇಕು. ಭಾರತ ಆ ಒಡಂಬಡಿಕೆಯ ಪರ ಮತ ಹಾಕಿತು, ಆದರೆ ಇನ್ನೂ ಅನುಮೋದಿಸಿಲ್ಲ.

ಬ್ರಿಟನ್ನಿನಲ್ಲಿ ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವವರಿಗೆ 'ಚೈಲ್ಡ್‌ಮೈಂಡರ್' ಎಂಬ ಹೆಸರಿದೆ, ನೋಂದಣಿ ಇದೆ. ಸ್ವಂತ ಕಾರನ್ನು ಕೆಲಸಕ್ಕೆ ಬಳಸಿದರೆ ಮೈಲಿಗೆ 45 ಪೆನ್ಸ್ ಖರ್ಚು ತೋರಿಸಬಹುದೆಂದು ಅಲ್ಲಿನ ತೆರಿಗೆ ಇಲಾಖೆ 2011ರಲ್ಲಿ ದರ ಗೊತ್ತುಮಾಡಿತು. ಅದು ಬರೀ ಪೆಟ್ರೋಲಿನ ದುಡ್ಡಲ್ಲ. ಟಯರು, ರಿಪೇರಿ, ವಿಮೆಯ ಸವೆತವೂ ಅದರಲ್ಲಿ ಸೇರಿದೆ.

ಮೂರು ಭಾಗದ ಲೆಕ್ಕ

ಕರೆತರುವ ಕೆಲಸದ ಬೆಲೆಯನ್ನು ಮೂರು ಭಾಗ ಮಾಡಿ: ಹೊತ್ತು, ಹಾದಿ, ಹೊಣೆ. ಮೂರನ್ನೂ ಕಲಸಿ “ಒಟ್ಟು ಇಷ್ಟು ಕೊಡಿ” ಅಂದಾಗಲೇ ಜಗಳ ಹುಟ್ಟುವುದು.

*ಹೊತ್ತು:* ಗಡಿಯಾರ ಶುರುವಾಗಬೇಕಾದದ್ದು ಆಂಟಿ ತನ್ನ ಮನೆಯ ಬಾಗಿಲು ಹಾಕಿದಾಗ. ಮಗು ಕೈಗೆ ಸಿಕ್ಕಾಗ ಅಲ್ಲ. ಆದರೆ ಒಂದೇ ಹೊತ್ತನ್ನು ಎರಡು ಸಲ ಎಣಿಸಬಾರದು. ತಿಂಗಳ ಶುಲ್ಕ ನಾಲ್ಕು ಗಂಟೆಯಿಂದ ಲೆಕ್ಕವಾಗಿದ್ದರೆ ನಾಲ್ಕರ ನಂತರದ ಪ್ರಯಾಣಕ್ಕೆ ಮತ್ತೆ ಹೊತ್ತಿನ ದುಡ್ಡಿಲ್ಲ.

*ಹಾದಿ:* ಬಸ್ ಟಿಕೆಟ್, ಆಟೋ ದರ ಅಥವಾ ಪೆಟ್ರೋಲ್, ಖರ್ಚಾದಷ್ಟು. ಇದರಲ್ಲಿ ಲಾಭ ಇರಬಾರದು, ನಷ್ಟವೂ ಇರಬಾರದು. ಹೋಗದ ದಿನ ಈ ದುಡ್ಡು ಕೊಡಬೇಕಿಲ್ಲ.

*ಹೊಣೆ:* ಶಾಲೆ ತಡವಾಗಿ ಬಿಟ್ಟರೆ ಕಾಯುವುದು, ಮಧ್ಯಾಹ್ನ “ಮಗುವಿಗೆ ಜ್ವರ, ಬನ್ನಿ” ಅಂತ ಫೋನ್ ಬಂದರೆ ಓಡುವುದು, ಮಳೆ ರಜೆಯ ದಿನ ಇಡೀ ದಿನ ಇಟ್ಟುಕೊಳ್ಳುವುದು. ಇವು ದಿನಾ ಬರುವುದಿಲ್ಲ. ಆದರೆ ಬಂದಾಗ ದರ ಮಾತಾಡಲು ಪುರುಸೊತ್ತಿರುವುದಿಲ್ಲ. ಹಾಗಾಗಿ ಮೊದಲೇ ಬರೆದಿಡಬೇಕು.

ಗಂಟೆಗೆ ಎಷ್ಟು?

ಎಲ್ಲಿಂದ ಶುರು ಮಾಡುವುದು ಎಂಬ ಗೊಂದಲ ಇದ್ದರೆ ಒಂದು ಸಾರ್ವಜನಿಕ ಅಂಕಿ ಹಿಡಿಯಿರಿ. 2025-26ರಲ್ಲಿ ಕರ್ನಾಟಕದ ನರೇಗಾ ದಿನಗೂಲಿ 370 ರೂಪಾಯಿ. ಎಂಟು ಗಂಟೆಗೆ ಭಾಗಿಸಿದರೆ ಗಂಟೆಗೆ 46 ರೂಪಾಯಿ ಚಿಲ್ಲರೆ. ಇದು ನೆಲ, ಚಾವಣಿ ಅಲ್ಲ. ನಗರದ ಬಾಡಿಗೆ, ದಿನಸಿ ನೋಡಿದರೆ ಇದಕ್ಕಿಂತ ಮೇಲೇ ನಿಲ್ಲಬೇಕು. ಕೆಳಗಿನ ಉದಾಹರಣೆಗೆ ಗಂಟೆಗೆ 60 ರೂಪಾಯಿ ಎಂದು ಇಟ್ಟುಕೊಳ್ಳೋಣ. ಬಸ್ ಟಿಕೆಟ್ 15 ರೂಪಾಯಿ, ಆಟೋಗೆ ಮೊದಲ ಒಂದೂವರೆ ಕಿ.ಮೀ.ಗೆ 35, ಆಮೇಲೆ ಕಿ.ಮೀ.ಗೆ 20 ಎಂದು ಹಿಡಿಯೋಣ. ನಿಮ್ಮ ದರ ಬೇರೆಯಾದರೆ ಅಂಕಿ ಬದಲಿಸಿ, ವಿಧಾನ ಅದೇ.

ಒಂದು ಮಗು, ಒಂದು ಶಾಲೆ

ಆಂಟಿಯ ಮನೆ ಕೊಟ್ಟಾರ ಚೌಕಿ. ಶಾಲೆ ಹಂಪನಕಟ್ಟೆ ಹತ್ತಿರ, ಸುಮಾರು ನಾಲ್ಕು ಕಿ.ಮೀ. ತಿಂಗಳ ಶುಲ್ಕ ಸಂಜೆ 4ರಿಂದ 7ರವರೆಗೆ, ಅಂದರೆ ದಿನಕ್ಕೆ 3 ಗಂಟೆ. 22 ದಿನಕ್ಕೆ 3,960 ರೂಪಾಯಿ.

ಆಕೆ 2:55ಕ್ಕೆ ಮನೆ ಬಿಡುತ್ತಾಳೆ. ಮಗು ಗೇಟಿನಿಂದ ಹೊರಗೆ ಬರುವಾಗ 3:40. ಮನೆ ತಲುಪುವಾಗ 4 ದಾಟಿರುತ್ತದೆ.

ಹೊತ್ತು: 2:55ರಿಂದ 4:00, 65 ನಿಮಿಷ, 65 ರೂಪಾಯಿ.
ಹಾದಿ: ಹೋಗುವಾಗ ಬಸ್ಸು 15, ಬರುವಾಗ ಆಟೋ 85, ಒಟ್ಟು 100 ರೂಪಾಯಿ.
ದಿನಕ್ಕೆ 165, ತಿಂಗಳಿಗೆ 3,630 ರೂಪಾಯಿ.

ನೋಡಿಕೊಳ್ಳುವುದಕ್ಕೆ 3,960, ಕರೆತರುವುದಕ್ಕೆ 3,630. 'ಅಷ್ಟೇ ಅಲ್ವಾ' ಅಂದುಕೊಂಡ ಕೆಲಸ ಮುಖ್ಯ ಕೆಲಸದಷ್ಟೇ ದೊಡ್ಡದಿದೆ.

ಈಗ ಇದೇ ಆಂಟಿಗೆ “ಬಸ್ಸಿಗೆ ಐನೂರು” ಮಾತ್ರ ಕೊಟ್ಟರೆ? ತಿಂಗಳಿಗೆ ಹಾದಿ ಖರ್ಚು 2,200. ಐನೂರು ಕಳೆದರೆ 1,700 ಅವಳ ಕೈಯಿಂದ ಹೋಗುತ್ತದೆ. 3,960ರಲ್ಲಿ ಉಳಿಯುವುದು 2,260. ದುಡಿದದ್ದು ಮೂರು ಗಂಟೆಯಲ್ಲ, ಪ್ರತಿದಿನ 4 ಗಂಟೆ 5 ನಿಮಿಷ, ತಿಂಗಳಿಗೆ ಸುಮಾರು 90 ಗಂಟೆ. ಭಾಗಿಸಿ ನೋಡಿ: ಗಂಟೆಗೆ 25 ರೂಪಾಯಿ. ಅರವತ್ತು ಎಂದು ಮಾತಾಡಿದ ಕೂಲಿ ಯಾರೂ ಮೋಸ ಮಾಡದೆಯೇ ಇಪ್ಪತ್ತೈದಕ್ಕೆ ಇಳಿಯಿತು. ನರೇಗಾ ಕೂಲಿಯ ಅರ್ಧಕ್ಕಿಂತ ಚೂರು ಮೇಲೆ.

ಬರುವಾಗಲೂ ಬಸ್ಸೇ ಆದರೆ ಮಗುವಿನ ಟಿಕೆಟ್ ಸೇರಿ ಹಾದಿ ಖರ್ಚು 45. ದಿನಕ್ಕೆ 110, ತಿಂಗಳಿಗೆ 2,420. ಬಸ್ಸಿಗೆ ಹೆಚ್ಚು ಹೊತ್ತು ಹಿಡಿದರೂ ಆ ಹೊತ್ತು ನಾಲ್ಕರ ನಂತರದ್ದಾದರೆ ಶುಲ್ಕದಲ್ಲೇ ಸೇರಿದೆ. ಆದರೆ ನೂಕುನುಗ್ಗಲಿನ ಬಸ್ಸಿನಲ್ಲಿ ಒಂದನೇ ಕ್ಲಾಸಿನ ಮಗು, ಬ್ಯಾಗು, ಕೊಡೆ ಹಿಡಿದು ಬರಬಹುದೇ ಎಂಬುದನ್ನು ಇಬ್ಬರೂ ಕೂತು ತೀರ್ಮಾನಿಸಬೇಕು.

ಮೂರು ಮಕ್ಕಳು, ಎರಡು ಶಾಲೆ

ಪೋಷಕರ ಕಡೆಯ ನ್ಯಾಯವಾದ ಪ್ರಶ್ನೆ ಇಲ್ಲಿ ಬರುತ್ತದೆ: “ನನ್ನ ಮಗುವಿನ ಜೊತೆ ಇನ್ನಿಬ್ಬರನ್ನೂ ಕರ್ಕೊಂಡು ಬರ್ತಾರಲ್ಲ, ನಾನ್ಯಾಕೆ ಪೂರ್ತಿ ಕೊಡಬೇಕು?” ಸರಿ. ಮೂರೂ ಮನೆಯವರಿಂದ 165ರಂತೆ 495 ತೆಗೆದುಕೊಳ್ಳುವುದು ನ್ಯಾಯವಲ್ಲ. ಹಾಗಂತ ಎಲ್ಲವನ್ನೂ ಮೂರು ಸಮಪಾಲು ಮಾಡುವುದೂ ನ್ಯಾಯವಲ್ಲ.

ನಿಯಮ ಸರಳ: ಎಲ್ಲರಿಗೂ ಬೇಕಾದ ಹಾದಿ ಎಲ್ಲರ ಪಾಲು, ಒಬ್ಬರಿಗಾಗಿ ಸುತ್ತಿದ ಹಾದಿ ಆ ಒಬ್ಬರ ಪಾಲು.

ಎರಡು ಮಕ್ಕಳು ಹಂಪನಕಟ್ಟೆಯ ಶಾಲೆಯವರು, ಮೂರನೆಯ ಮಗು ಇನ್ನೊಂದು ಶಾಲೆಯದು ಎಂದುಕೊಳ್ಳಿ. ಆ ಶಾಲೆಗಾಗಿ 25 ನಿಮಿಷ ಮತ್ತು 40 ರೂಪಾಯಿ ಆಟೋ ಹೆಚ್ಚಾಗುತ್ತದೆ. ಸಮಾನ ಹಾದಿಯ 165ನ್ನು ಮೂರು ಪಾಲು ಮಾಡಿದರೆ ತಲಾ 55. ಸುತ್ತು ಹಾದಿಯ ಹೊತ್ತು 25, ಆಟೋ 40, ಸೇರಿ 65. ಇದು ಮೂರನೆಯ ಮನೆಯದು. ಹಾಗಾಗಿ ಮೊದಲ ಎರಡು ಮನೆ ದಿನಕ್ಕೆ 55ರಂತೆ ತಿಂಗಳಿಗೆ 1,210 ರೂಪಾಯಿ, ಮೂರನೆಯ ಮನೆ ದಿನಕ್ಕೆ 120ರಂತೆ 2,640 ರೂಪಾಯಿ. ಆಂಟಿಗೆ ಒಟ್ಟು 5,060, ಅದು ಅವಳಿಗೆ ಆಗುವ ಹೊತ್ತು-ಹಾದಿಯ ಮೊತ್ತವೇ. ಮೂರು ಮಕ್ಕಳನ್ನು ಒಟ್ಟಿಗೆ ರಸ್ತೆ ದಾಟಿಸುವ ಹೊಣೆಗೆ ತಲೆಗೆ ಇಷ್ಟು ಎಂದು ಚಿಕ್ಕ ಮೊತ್ತ ಸೇರಿಸಿದರೆ ತಪ್ಪಿಲ್ಲ.

ಮನೆಯಲ್ಲಿ ಇನ್ನೊಂದು ಪುಟ್ಟ ಮಗು ಇದ್ದರೆ ಅದನ್ನು ಯಾರ ಬಳಿ ಬಿಟ್ಟು ಹೋಗುವುದು? ಎತ್ತಿಕೊಂಡು ಹೋದರೆ ಬಸ್ಸು ಕಷ್ಟ, ಆಟೋನೇ ಗತಿ. ಪಕ್ಕದ ಮನೆಯವರಿಗೆ ಬಿಟ್ಟರೆ ಆ ಮಗುವಿನ ಪೋಷಕರಿಗೆ ತಿಳಿಸಿರಬೇಕು. ಹೊಸ ಪಿಕಪ್ ಒಪ್ಪಿಕೊಳ್ಳುವ ಮೊದಲು ಆಂಟಿ ಯೋಚಿಸಬೇಕಾದ ಮೊದಲ ವಿಷಯವೇ ಇದು.

ಸ್ವಂತ ಸ್ಕೂಟರ್ ಇದ್ದರೆ

ಪೆಟ್ರೋಲ್ ಲೀಟರಿಗೆ 100 ರೂಪಾಯಿ, ಮೈಲೇಜ್ 40 ಕಿ.ಮೀ. ಎಂದಿಟ್ಟರೆ ಕಿ.ಮೀ.ಗೆ 2.50 ಬರೀ ಪೆಟ್ರೋಲ್. ಸರ್ವಿಸ್, ಟಯರ್ ಸೇರಿಸಿದರೆ ಅದರ ಒಂದೂವರೆ ಪಟ್ಟಾದರೂ ಆಗುತ್ತದೆ. ಬಸ್ಸು-ಆಟೋಗಿಂತ ಅಗ್ಗ ಹೌದು, ಆದರೆ ಮೂರು ಎಚ್ಚರ ಬೇಕು.

ಒಂದು, ಮೋಟಾರು ವಾಹನ ಕಾಯ್ದೆಯ ಪ್ರಕಾರ ದ್ವಿಚಕ್ರ ವಾಹನದಲ್ಲಿ ಓಡಿಸುವವರಲ್ಲದೆ ಇನ್ನೊಬ್ಬರಿಗೆ ಮಾತ್ರ ಅವಕಾಶ. “ಇಬ್ಬರೂ ಚಿಕ್ಕೋರಲ್ವಾ” ಎಂಬ ಮಾತು ಪೊಲೀಸರ ಎದುರೂ ನಡೆಯುವುದಿಲ್ಲ, ಅಪಘಾತದ ಎದುರೂ ನಡೆಯುವುದಿಲ್ಲ.

ಎರಡು, ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಕ್ಕಳಿಗೆ ಹೆಲ್ಮೆಟ್ ಮತ್ತು ಸುರಕ್ಷತಾ ಬೆಲ್ಟ್ ಕಡ್ಡಾಯ, ವೇಗ ಗಂಟೆಗೆ 40 ಕಿ.ಮೀ. ದಾಟುವಂತಿಲ್ಲ. ಕೇಂದ್ರ ಸರ್ಕಾರದ ಈ ನಿಯಮ 2023ರ ಫೆಬ್ರವರಿ 15ರಿಂದ ಜಾರಿಯಲ್ಲಿದೆ. ನಾಲ್ಕು ವರ್ಷ ದಾಟಿದವರಿಗೂ ಹೆಲ್ಮೆಟ್ ಬೇಕೇ ಬೇಕು. ಮಗುವಿನ ಹೆಲ್ಮೆಟ್ ಖರ್ಚು ಪೋಷಕರದ್ದು.

ಮೂರು, ವಿಮೆ. ಖಾಸಗಿ ವಾಹನದ ಪಾಲಿಸಿ ಬಾಡಿಗೆ ಓಡಾಟಕ್ಕೆ ಅನ್ವಯಿಸುವುದಿಲ್ಲ. ಹಾಗಾಗಿ ಸ್ಕೂಟರಿನ ದುಡ್ಡು ತಗಲಿದ ಖರ್ಚಿನ ಮರುಪಾವತಿಯಾಗಿಯೇ ಇರಲಿ, ಟ್ರಿಪ್ ಬಾಡಿಗೆ ಆಗದಿರಲಿ. ಹಿಂದೆ ಕೂತವರಿಗೆ ರಕ್ಷಣೆ ಇದೆಯೇ ಎಂದು ಪಾಲಿಸಿ ತೆಗೆದು ಓದಿ. ಬರೀ ಥರ್ಡ್ ಪಾರ್ಟಿ ವಿಮೆ ಇದ್ದರೆ ಇರದೇ ಹೋಗಬಹುದು.

ಚೀಟಿಯಲ್ಲಿ ಏನೇನಿರಬೇಕು

ಒಂದು ಪುಟ ಸಾಕು. ವಾಟ್ಸಾಪ್‌ನಲ್ಲಿ ಬರೆದು ಇಬ್ಬರೂ 'ಒಪ್ಪಿಗೆ' ಎಂದರೂ ನಡೆಯುತ್ತದೆ.

1. ನೋಡಿಕೊಳ್ಳುವ ಅವಧಿ, ಗಂಟೆಯ ದರ, ತಿಂಗಳ ಮೊತ್ತ.
2. ಕರೆತರುವ ಹೊತ್ತು: ಮನೆ ಬಿಡುವ ಸಮಯ, ಎಷ್ಟು ನಿಮಿಷ, ಎಷ್ಟು ದುಡ್ಡು.
3. ಹಾದಿ: ಬಸ್ಸೋ, ಆಟೋನೋ, ಸ್ಕೂಟರೋ, ದಿನದ ಮೊತ್ತ, ತಿಂಗಳ ಮೊದಲೇ ಕೊಡಬೇಕು. ಆಂಟಿ ತನ್ನ ದುಡ್ಡು ಹಾಕಿ ಆಮೇಲೆ ಕೇಳುವಂತಾಗಬಾರದು.
4. ಕಾಯುವುದು: ಶಾಲೆ ತಡವಾಗಿ ಬಿಟ್ಟರೆ ಅಥವಾ ಸಂಜೆ ಪೋಷಕರು ತಡವಾಗಿ ಬಂದರೆ ಮೊದಲ 15 ನಿಮಿಷ ಬಿಟ್ಟು, ಆಮೇಲೆ ಪ್ರತಿ 15 ನಿಮಿಷಕ್ಕೆ ಕಾಲು ಗಂಟೆಯ ದರ.
5. ಮಳೆ ರಜೆ, ಬಂದ್, ನಿಷೇಧಾಜ್ಞೆ: ಮಗು ಬರದಿದ್ದರೆ ಹಾದಿ ದುಡ್ಡಿಲ್ಲ, ಹೊತ್ತಿನ ದುಡ್ಡು ಉಂಟು. ಆ ಹೊತ್ತನ್ನು ಆಕೆ ಬೇರೆಯವರಿಗೆ ಕೊಡಲಾಗಲಿಲ್ಲವಲ್ಲ. ಇಡೀ ದಿನ ಬಂದರೆ ಹೆಚ್ಚಿನ ಗಂಟೆಗೆ ಗಂಟೆಯ ದರ.
6. ದಸರಾ ರಜೆ, ಏಪ್ರಿಲ್-ಮೇ ರಜೆ: ಜಾಗ ಉಳಿಸಿಕೊಳ್ಳಲು ಅರ್ಧ ಮೊತ್ತವೋ, ಪೂರ್ತಿ ನಿಲ್ಲಿಸುವುದೋ, ಮೊದಲೇ ತೀರ್ಮಾನ.
7. ತುರ್ತು ಕರೆ: ಶಾಲೆಯಿಂದ ಫೋನ್ ಬಂದು ಹೋದರೆ ಕನಿಷ್ಠ ಒಂದು ಗಂಟೆಯ ದರ ಮತ್ತು ಆಟೋ ಖರ್ಚು.
8. ಶಾಲೆಗೆ ಕೊಟ್ಟ ಅಧಿಕಾರ ಪತ್ರ: ಆಂಟಿಯ ಫೋಟೋ, ಫೋನ್ ನಂಬರ್; ಅವಳಿಗೆ ಆಗದ ದಿನ ಯಾರು ಬರುತ್ತಾರೆ.
9. ಪರಿಷ್ಕರಣೆ: ಬಸ್ಸು-ಆಟೋ ದರ ಏರಿದ ತಿಂಗಳಿಂದಲೇ ಹಾದಿ ದುಡ್ಡು ಏರಬೇಕು, ಗಂಟೆಯ ದರ ಪ್ರತಿ ಜೂನ್‌ನಲ್ಲಿ ಮಾತಾಡಬೇಕು.

ಕಾನೂನು ಎಲ್ಲಿದೆ?

ಮನೆಗೆಲಸಕ್ಕೆ ಕನಿಷ್ಠ ವೇತನ ನಿಗದಿ ಮಾಡಿದ ಮೊದಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು, ಅದು 2004ರಲ್ಲಿ. 2025ರ ಜನವರಿ 29ರಂದು ಸುಪ್ರೀಂ ಕೋರ್ಟ್ ಮನೆಗೆಲಸಗಾರರಿಗೆ ಕಾನೂನಿನ ಚೌಕಟ್ಟು ಬೇಕೇ ಎಂದು ಪರಿಶೀಲಿಸಲು ಸಮಿತಿ ರಚಿಸುವಂತೆ ಕೇಂದ್ರಕ್ಕೆ ಸೂಚಿಸಿತು. ಅದೇ ವರ್ಷ ರಾಜ್ಯದ ಕಾರ್ಮಿಕ ಇಲಾಖೆ ಮನೆಗೆಲಸಗಾರರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಮಸೂದೆಯ ಕರಡು ಪ್ರಕಟಿಸಿತು.

ಆದರೆ ಇವೆಲ್ಲ ಮುಖ್ಯವಾಗಿ ಬೇರೆಯವರ ಮನೆಗೆ ಹೋಗಿ ದುಡಿಯುವವರನ್ನು ನೆನೆದು ಬರೆದವು. ಇಲ್ಲಿ ಕೆಲಸ ನಡೆಯುವುದು ಆಂಟಿಯ ಮನೆಯಲ್ಲಿ ಮತ್ತು ರಸ್ತೆಯಲ್ಲಿ. ಅವಳಿಗೆ ಹತ್ತಿರವಾದ ಪದ 'ಗೃಹಾಧಾರಿತ ಕಾರ್ಮಿಕ'. 2008ರ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಕಾಯ್ದೆಯಲ್ಲಿ, ಆಮೇಲೆ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಆ ಪದದ ವ್ಯಾಖ್ಯೆ ಇದೆ. ಸರಕಿನ ಜೊತೆ 'ಸೇವೆ'ಯೂ ಅದರಲ್ಲಿ ಸೇರಿದೆ. ಇ-ಶ್ರಮ್ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳಬಹುದು. ಆದರೆ ಪಿಕಪ್ ದುಡ್ಡು ಕೊಡಿಸುವ ಕಾನೂನು ಇದಲ್ಲ.

ಶಿಶುಪಾಲನಾ ಕೇಂದ್ರಗಳ ಕಾನೂನು? 1948ರ ಕಾರ್ಖಾನೆ ಕಾಯ್ದೆ ಆರು ವರ್ಷದೊಳಗಿನ ಮಕ್ಕಳ ಬಗ್ಗೆ ಮಾತ್ರ ಮಾತಾಡಿತ್ತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ 50 ಮತ್ತು ಹೆಚ್ಚು ನೌಕರರಿರುವ ಸಂಸ್ಥೆಗೆ ಕ್ರೆಶ್ ಕಡ್ಡಾಯ ಮಾಡಿತು, 2025ರ ನವೆಂಬರ್ 21ರಂದು ಜಾರಿಗೆ ಬಂದ ಸಂಹಿತೆಯೂ ಅದೇ ಸಂಖ್ಯೆ ಉಳಿಸಿಕೊಂಡಿದೆ. ರಾಜ್ಯದ 'ಕೂಸಿನ ಮನೆ' ಗ್ರಾಮ ಪಂಚಾಯಿತಿಗಳಿಗಾಗಿ, ಪುಟ್ಟ ಮಕ್ಕಳಿಗಾಗಿ. ಅಂಗನವಾಡಿಯೂ ಆರು ವರ್ಷಕ್ಕೆ ಮುಗಿಯುತ್ತದೆ. ಏಳು ವರ್ಷದ ಮಗು ಮೂರೂವರೆಗೆ ಶಾಲೆ ಬಿಟ್ಟ ಮೇಲೆ, ಅಮ್ಮ ಏಳಕ್ಕೆ ಮನೆಗೆ ಬರುವವರೆಗೆ ಎಲ್ಲಿರಬೇಕು ಎಂಬ ಪ್ರಶ್ನೆ ಇವುಗಳಲ್ಲಿ ಯಾವುದರಲ್ಲೂ ಇಲ್ಲ.

ಬೀಡಿ ಬ್ರಾಂಚಿನ ನೆನಪು

ಮನೆಯಲ್ಲಿ ಮಾಡುವ ಕೆಲಸ ಕೆಲಸವೇ ಅಲ್ಲ ಎಂಬ ವಾದವನ್ನು ದಕ್ಷಿಣ ಕನ್ನಡ ಒಮ್ಮೆ ಕೇಳಿ, ಗೆದ್ದಿದೆ. ಮನೆಯ ಜಗಲಿಯಲ್ಲಿ ಕೂತು ಬೀಡಿ ಕಟ್ಟುವ ಮಹಿಳೆ ಕಾರ್ಮಿಕಳೇ ಎಂಬ ಪ್ರಶ್ನೆಗೆ 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಹೌದು ಎಂದಿತು. ಅದನ್ನು ಪ್ರಶ್ನಿಸಿದ ಪ್ರಕರಣದಲ್ಲಿ, ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಹೆಸರಿನಲ್ಲೇ ದಾಖಲಾದ 1974ರ ತೀರ್ಪಿನಲ್ಲಿ, ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ಭವಿಷ್ಯನಿಧಿ, ತುಟ್ಟಿಭತ್ಯೆ ಬಂದದ್ದು ಕಾರ್ಮಿಕ ಸಂಘಗಳ ಹೋರಾಟದಿಂದ.

ಅಲ್ಲೂ ಒಂದು ಕೊರತೆ ಉಳಿಯಿತು. ಕೂಲಿ ಸಾವಿರ ಬೀಡಿಗೆ ಇಷ್ಟು ಎಂದೇ ಹೊರತು, ಕಟ್ಟಿದ ಬೀಡಿಯನ್ನು ಬ್ರಾಂಚಿಗೆ ಹೊತ್ತು, ಸಾಲಿನಲ್ಲಿ ನಿಂತು, ಎಲೆ-ತಂಬಾಕು ತರುವ ಹೊತ್ತಿಗೆ ಬೇರೆ ಬೆಲೆ ಕಟ್ಟಲಿಲ್ಲ. ಅಂದು ಬ್ರಾಂಚಿನ ಹಾದಿ, ಇಂದು ಶಾಲೆಯ ಹಾದಿ. ಒಂದು ವ್ಯತ್ಯಾಸ ಉಂಟು: ಬೀಡಿ ಕಟ್ಟುವವರೆಲ್ಲ ಬ್ರಾಂಚಿನಲ್ಲಿ ಒಬ್ಬರಿಗೊಬ್ಬರು ಸಿಗುತ್ತಿದ್ದರು. ಸಂಘ ಕಟ್ಟಲು ಅದೇ ದಾರಿಯಾಯಿತು. ಆಂಟಿಯಂದಿರೂ ದಿನಾ ಗೇಟಿನ ಹೊರಗೆ ಸಿಗುತ್ತಾರೆ. ಒಂದೇ ಪ್ರದೇಶದ ಹತ್ತು ಮಂದಿ ಗಂಟೆಯ ದರ ಇದಕ್ಕಿಂತ ಕಡಿಮೆ ಬೇಡ ಎಂದು ಮಾತಾಡಿಕೊಂಡರೂ ಅದೊಂದು ಆರಂಭ.

“ನನ್ನ ಸಂಬಳವೇ ಹದಿನಾಲ್ಕು ಸಾವಿರ”

ಈ ಮಾತಿಗೆ ಉತ್ತರ ಇಲ್ಲದೆ ಲೇಖನ ಮುಗಿಸಿದರೆ ಅದು ಅರ್ಧ ಸತ್ಯ. ಅಂಗಡಿಯಲ್ಲಿ ನಿಂತು ದುಡಿಯುವ ತಾಯಿ ತಿಂಗಳಿಗೆ 7,590 ರೂಪಾಯಿ ಕೊಡುವುದು ಸಾಧ್ಯವಿಲ್ಲ. ಆದರೆ ಅವಳಿಗೆ ಆಗದ ದುಡ್ಡನ್ನು ಅವಳಿಗಿಂತ ಬಡವಳಾದ ಇನ್ನೊಬ್ಬಳು ತುಂಬಬೇಕೇ?

ಕೆಲವು ದಾರಿ ಇವೆ. ಶಾಲಾ ವ್ಯಾನಿನವರು ಆಂಟಿಯ ಮನೆಯ ಹತ್ತಿರದ ಸ್ಟಾಪಿಗೆ ಬಿಡುತ್ತಾರೆಯೇ ಕೇಳಿ. ಅವರ ತಿಂಗಳ ದರ 3,630ಕ್ಕಿಂತ ಕಡಿಮೆ ಇದ್ದರೆ ಅದೇ ಒಳ್ಳೆಯದು, ಸ್ಟಾಪಿಗೆ ಬರುವ ಹತ್ತು-ಹದಿನೈದು ನಿಮಿಷದ ಹೊತ್ತು ಮಾತ್ರ ಆಂಟಿಗೆ. ಅದೇ ಶಾಲೆಯ ಇನ್ನೊಂದು ಮನೆ ಸೇರಿದರೆ ಖರ್ಚು ಅರ್ಧವಾಗುತ್ತದೆ. ವಾರಕ್ಕೆ ಎರಡು ದಿನವಾದರೂ ಅಪ್ಪ ಹೋಗಬಹುದೇ? ಕೇಂದ್ರದ 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ 15ರಿಂದ 59 ವರ್ಷದ ಮಹಿಳೆಯರಲ್ಲಿ ಶೇ. 41 ಮಂದಿ ಮನೆಯವರ ಆರೈಕೆಯಲ್ಲಿ ತೊಡಗುತ್ತಾರೆ, ದಿನಕ್ಕೆ 140 ನಿಮಿಷ. ಗಂಡಸರಲ್ಲಿ ಶೇ. 21.4, ಅದೂ 74 ನಿಮಿಷ. ಪಿಕಪ್ ದುಡ್ಡಿನ ಮಾತು ಯಾವಾಗಲೂ ಇಬ್ಬರು ಹೆಂಗಸರ ನಡುವೆ ನಡೆಯುವುದಕ್ಕೆ ಕಾರಣ ಈ ಅಂಕಿಯಲ್ಲಿದೆ.

ಉಳಿದದ್ದು ಮನೆಯೊಳಗೆ ಬಗೆಹರಿಯುವುದಲ್ಲ. ಕರ್ನಾಟಕದ ಶಿಕ್ಷಣ ಹಕ್ಕು ನಿಯಮಗಳು ಐದನೇ ತರಗತಿವರೆಗೆ ಒಂದು ಕಿ.ಮೀ. ಒಳಗೆ ಶಾಲೆ ಇರಬೇಕೆಂದವು. ಹತ್ತಿರದ ಸರ್ಕಾರಿ ಶಾಲೆ ಪೋಷಕರ ನಂಬಿಕೆ ಉಳಿಸಿಕೊಂಡಿದ್ದರೆ ಈ ನಾಲ್ಕು ಕಿ.ಮೀ. ಎಷ್ಟೋ ಮನೆಗಳಿಗೆ ಇರುತ್ತಲೇ ಇರಲಿಲ್ಲ. ಅದೇ ಶಾಲೆಯ ಒಂದು ಕೋಣೆಯನ್ನು ಸಂಜೆ ಆರೂವರೆವರೆಗೆ ತೆರೆದಿಟ್ಟು, ಸಂಬಳ ಕೊಟ್ಟು ಇದೇ ಆಂಟಿಯಂದಿರನ್ನು ನೇಮಿಸಿದರೆ ಹಾದಿಯ ಖರ್ಚೇ ಇಲ್ಲ. ನಗರದ ರೂಟುಗಳಿಗೆ ಹೆಚ್ಚು ಸರ್ಕಾರಿ ಬಸ್ಸು ಬಂದರೆ 'ಶಕ್ತಿ' ಇಲ್ಲಿಗೂ ತಲುಪುತ್ತದೆ.

ಮಂಗಳೂರು ಪಾಲಿಕೆಯಲ್ಲಿ 60 ವಾರ್ಡ್ ಇವೆ. ಮುಂದಿನ ಚುನಾವಣೆಯಲ್ಲಿ ಮತ ಕೇಳಲು ಬಂದವರಿಗೆ ಚರಂಡಿ, ಬೀದಿದೀಪದ ಜೊತೆ ಇದನ್ನೂ ಕೇಳಿ: ಮೂರೂವರೆಯಿಂದ ಏಳರವರೆಗೆ ನಮ್ಮ ವಾರ್ಡಿನ ಮಕ್ಕಳು ಎಲ್ಲಿರಬೇಕು? ಅಲ್ಲಿವರೆಗೆ, ನಿಮ್ಮ ಮನೆಯ ಮಗುವನ್ನು ಯಾರಾದರೂ ಕರೆತರುತ್ತಿದ್ದರೆ ಈ ತಿಂಗಳೇ ಒಂದು ಚೀಟಿ ಬರೆಯಿರಿ. ಆಕೆ ಮನೆ ಬಿಡುವುದು ಎಷ್ಟು ಗಂಟೆಗೆ ಎಂದು ಕೇಳುವುದರಿಂದ ಶುರು ಮಾಡಿ.